ಬಣ್ಣದಕ್ಕನ ಡಬ್ಬಿಯಲ್ಲಿ ಹನ್ನೊಂದು ಬಟನ್ನು

ಬೆಳಗಿನ ಆರು ಗಂಟೆ. ಶಾಲೆಯ ಕೊನೆಯ ಕೋಣೆಯಲ್ಲಿ ಬಣ್ಣದಕ್ಕ ಹನ್ನೊಂದು ಕಂಪ್ಯೂಟರ್‌ಗಳ ಕೀಬೋರ್ಡಿನಿಂದ ಒಂದೊಂದು ಬಟನ್ನು ಕಿತ್ತು ಹಳೆಯ ಬಣ್ಣದ ಡಬ್ಬಿಗೆ ಹಾಕುತ್ತಿದ್ದಾರೆ. ಗೀಚಿದ್ದು ತಪ್ಪಾದರೆ ಒತ್ತಿದೊಡನೆ ಚಿತ್ರವನ್ನು ಮೊದಲಿದ್ದಂತೆ ಮಾಡಿಬಿಡುವ ಬಟನ್ನು ಅದು. ಹೊಸ ಮಕ್ಕಳಿಗೆ ಮೂರು ವಾರ ಅದು ಸಿಗುವುದಿಲ್ಲ. ಶಾಲೆಯ ಗಂಟೆ ಹೊಡೆಯುವ ಮೊದಲು ಎಲ್ಲವನ್ನೂ ಮತ್ತೆ ಕೂರಿಸುತ್ತಾರೆ. ಹೋದ ವಾರ ಒಂದು ಮುರಿಯಿತು. ಇನ್ನೊಮ್ಮೆ ಕಿತ್ತರೆ ಶನಿವಾರವೇ ಕೋಣೆಗೆ ಬೀಗ ಎಂದು ಶಾಲೆಯ ಮ್ಯಾನೇಜರು ಹೇಳಿದ್ದಾರೆ. ಇವತ್ತು ಶನಿವಾರ.

ಏಣಿಯ ಕೆಳಗೆ ಅಪ್ಪನಿಗೆ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಹುಡುಗಿ ಈಕೆ; ಹಳಬರಿಗೆ ನೆನಪಿದೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅವರ ನಂತರ ಇಪ್ಪತ್ತು ವರ್ಷ ಈಕೆಯೇ ಏಣಿ ಹತ್ತಿದರು. ಫ್ಲೆಕ್ಸ್ ಬಂತು, ಕುಂಚ ಮೂಲೆ ಸೇರಿತು. ಫ್ಲೆಕ್ಸ್ ಅಂಗಡಿಗೇ ಕಸ ಗುಡಿಸಲು ಸೇರಿದವರು, ಗುಡಿಸುತ್ತಲೇ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕಲಿತರು. "ನನ್ ಹೊಟ್ಟೆ ಮೇಲೆ ಹೊಡೆದಿದ್ದು ಯಾವ್ದು ಅಂತ ನೋಡ್ಬೇಕಿತ್ತು," ಎನ್ನುತ್ತಾರೆ.

ಈಗ ದಿನವೂ ಶಾಲೆ ಶುರುವಾಗುವ ಮೊದಲು ಇಲ್ಲಿ ಅದನ್ನೇ ಕಲಿಸುತ್ತಾರೆ. ಮೂವತ್ಮೂರು ಮಕ್ಕಳು, ಒಂದು ಕಂಪ್ಯೂಟರ್‌ಗೆ ಮೂವರು. ಎಲ್ಲರಿಗೂ ಮೊದಲ ಚಿತ್ರ ಒಂದೇ: ಬಾಗಿಲಲ್ಲಿ ಬಿಟ್ಟು ಬಂದ ಚಪ್ಪಲಿ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳಂತೆ, ಗೆರೆ ಒಂದು ಪದರದಲ್ಲಿ, ಬಣ್ಣ ಅದರ ಕೆಳಗಿನ ಪದರದಲ್ಲಿ ಬರಬೇಕು. ಮಕ್ಕಳು ಗೆರೆಯ ಪದರಕ್ಕೇ ಬಣ್ಣ ಬಳಿಯುತ್ತಾರೆ. ಬಣ್ಣ ಒರೆಸಲು ಹೋದರೆ ಚಪ್ಪಲಿಯ ಪಟ್ಟಿಯೂ ಜೊತೆಗೇ ಹೋಗುತ್ತದೆ.

ಗಾರೆ ಕೆಲಸದವರ ಮಗಳಿಗೆ ಹೀಗಾದದ್ದು ಇದು ಮೂರನೇ ಸಲ. ಆ ಬಟನ್ನು ಒಂದೇ ಒಂದು ಸಲ ಕೊಡಿ ಎಂದು ಗೋಗರೆಯುತ್ತಾಳೆ.

"ನಿನ್ ಚಪ್ಪಲಿ ಕಿತ್ತೋದಾಗ ಯಾವ ಬಟನ್ ಒತ್ತಿದ್ದೆ?"

"ಪಿನ್ನು ಹಾಕ್ದೆ ಅಕ್ಕ."

"ಹಂಗಾದ್ರೆ ಪಿನ್ನೂ ಬರಿ."

ಹುಡುಗಿ ಹೊರಗೆ ಹೋಗಿ ಚಪ್ಪಲಿ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಪಿನ್ನು ನೋಡುತ್ತ ಮೊದಲಿನಿಂದ ಶುರು ಮಾಡುತ್ತಾಳೆ.

ಏಳಕ್ಕೆ ಮ್ಯಾನೇಜರು ಬೀಗ ಹಿಡಿದೇ ಬರುತ್ತಾರೆ. ಪರೀಕ್ಷೆಗೆ ಬಾರದ ಪಾಠಕ್ಕೆ ಯಂತ್ರ ಹಾಳು ಮಾಡುವುದೇಕೆ ಎಂದು ಅವರ ತಕರಾರು. ಅಕ್ಕ ಕುರ್ಚಿಯಿಂದ ಏಳುವುದಿಲ್ಲ.

"ಮುರಿದಿದ್ದಕ್ಕೆ ಹೊಸದು ಹಾಕ್ಸಿದೀನಿ ಸಾರ್. ಕೀಳೋದು ಮಾತ್ರ ಬಿಡಲ್ಲ. ಬೀಗ ಹಾಕಿದ್ರೆ ಹೊರಗೆ ಗೋಡೆ ಇದೆ, ಸೀಮೆಸುಣ್ಣ ಇದೆ. ಅಲ್ಲೇ ಕಲಿಸ್ತೀನಿ."

ಮ್ಯಾನೇಜರು ಕಿಟಕಿಯ ಬಳಿ ಬಂದು ಹುಡುಗಿಯ ಕಂಪ್ಯೂಟರ್ ಪರದೆಯತ್ತ ಬಗ್ಗಿ, ಈ ಪಿನ್ನು ಯಾಕೆ ಎಂದು ಕೇಳುತ್ತಾರೆ. ಹುಡುಗಿ ತಲೆ ಎತ್ತುವುದಿಲ್ಲ.

"ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್. ಚಪ್ಪಲಿಗೆ ನೆರಳು ಬೀಳ್ತಿದೆ."

ಅವರು ಸರಿಯುತ್ತಾರೆ. ಪಿನ್ನು ಮುಗಿಯುವವರೆಗೂ ನಿಂತಿದ್ದು, ಸೋಮವಾರ ನೋಡೋಣ ಎಂದು ಬೀಗವನ್ನು ಜೇಬಿಗೆ ಇಳಿಸಿ ಹೊರಡುತ್ತಾರೆ.

ನಿಮ್ಮ ಆಸೆ ಏನು ಎಂದು ಯಾರಾದರೂ ಕೇಳಿದರೆ ಅಕ್ಕ ಡಬ್ಬಿ ಅಲ್ಲಾಡಿಸುತ್ತಾರೆ. "ಹನ್ನೆರಡನೇ ಕಂಪ್ಯೂಟರ್ ಒಂದು ಬೇಕು. ಅದರ ಬಟನ್ನೂ ಕೀಳ್ತೀನಿ."