ಚಿಕ್ಕಮ್ಮ ಎಳೆದ ಪರದೆ

ಕೊಡುವ ಕೈ ಯಾವಾಗಲೂ ಮೇಲಿರುತ್ತದೆ ಎನ್ನುತ್ತಾರೆ. ಇರಲಿ. ಆದರೆ ಅದು ಕ್ಯಾಮೆರಾ ಕಡೆಗೇ ಯಾಕೆ ತಿರುಗಿರಬೇಕು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಈ ಮಾತು ಬಂದಾಗಲೆಲ್ಲ ನಾನು ಚಿಕ್ಕಮ್ಮನ ಕಥೆ ಹೇಳುತ್ತೇನೆ, ಹೇಳುವಾಗಲೆಲ್ಲ ಮೈ ಉರಿಯುತ್ತದೆ.

ಚಿಕ್ಕಮ್ಮ ದರ್ಜಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು ಇಟ್ಟ ಮೇಲೆ ಗಿರಾಕಿ ಹೊಸ್ತಿಲಲ್ಲೇ ನಿಲ್ಲಬೇಕು. ಬಾಯಿಯೂ ಕತ್ತರಿಯಷ್ಟೇ ಹರಿತ. "ಅಳತೆ ಕೊಡೋವಾಗ ಹೊಟ್ಟೆ ಒಳಗೆ ಎಳ್ಕೋಬೇಡಿ, ಆಮೇಲೆ ಗುಂಡಿ ಕಿತ್ತುಹೋದ್ರೆ ನನ್ನ ಬೈತೀರಿ" ಎಂದು ದೊಡ್ಡ ದೊಡ್ಡವರಿಗೇ ಹೇಳಿಬಿಡುತ್ತಿದ್ದಳು.

ಚಿಕ್ಕಪ್ಪ ಬಡಗಿ. ಗರಗಸದ ಯಂತ್ರದ ಸದ್ದಿನಲ್ಲೇ ಬಾಳಿ ಕಿವಿ ಕಳೆದುಕೊಂಡರು. ಕೇಳಿಸುವುದಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ. ಯಾರು ಏನೆಂದರೂ ನಕ್ಕು ತಲೆಯಾಡಿಸುತ್ತಿದ್ದರು. ಒಮ್ಮೆ ಸಾವಿನ ಸುದ್ದಿ ಹೇಳಲು ಬಂದವರೆದುರೂ ಹಾಗೇ ನಕ್ಕುಬಿಟ್ಟರು. ಆಮೇಲೆ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟರು.

ನಮ್ಮ ಊರಿನಲ್ಲಿ ಒಂದು ಸಮುದಾಯ ನಿಧಿ ಇದೆ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಊರವರು ಕೊಟ್ಟದ್ದನ್ನೆಲ್ಲ ಒಟ್ಟುಗೂಡಿಸಿ, ಅಸಲು ಮುಟ್ಟದೆ, ಬಡ್ಡಿಯಲ್ಲಿ ಬೇಕಾದವರಿಗೆ ನೆರವಾಗುತ್ತದೆ. ಕೊಟ್ಟವರು ಯಾವುದಕ್ಕೆ ಎಂದರೆ ಅದಕ್ಕೇ ಖರ್ಚು. ಒಳ್ಳೆಯ ವ್ಯವಸ್ಥೆ, ಎರಡು ಮಾತಿಲ್ಲ. ಚಿಕ್ಕಪ್ಪ ತೀರಿಹೋದ ಮೇಲೆ ಚಿಕ್ಕಮ್ಮ ಅವರ ಯಂತ್ರಗಳನ್ನು ಮಾರಿ ಬಂದದ್ದನ್ನು ಅವರ ಹೆಸರಿನಲ್ಲಿ ಅಲ್ಲಿಗೇ ಕೊಟ್ಟಳು, ಕಿವಿ ಕೇಳಿಸದವರಿಗೆ ಶ್ರವಣಯಂತ್ರ ಕೊಡಿಸಲಿ ಎಂದು. ಷರತ್ತು ಒಂದೇ.

"ತಗೊಂಡೋರು ಯಾರು ಅಂತ ಊರಿಗೆ ಗೊತ್ತಾಗ್ಬಾರ್ದು. ವೇದಿಕೆ ಹತ್ತಿಸ್ಬಾರ್ದು."

"ಆಗ್ಲಿ ಅಮ್ಮ, ಹಾಗೇ ಮಾಡೋಣ" ಎಂದರು ನಿಧಿಯ ಅಧ್ಯಕ್ಷರು. ಅವರ ಕಿವಿಗೆ ಯಾವ ತೊಂದರೆಯೂ ಇರಲಿಲ್ಲ.

ಮೊದಲ ಶ್ರವಣಯಂತ್ರ ನಮ್ಮ ಓಣಿಯ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರಿಗೆ ಸಿಗುವುದಿತ್ತು. ಒಲೆಯ ಗಂಟೆ ಕೇಳಿಸದೆ ಬನ್ನು ಸೀಯುತ್ತಿತ್ತು. ಇನ್ನೊಮ್ಮೆ ಸೀದರೆ ಕೆಲಸವಿಲ್ಲ ಎಂದು ಮಾಲೀಕ ಹೇಳಿಯಾಗಿತ್ತು. ಆದರೂ ಆ ಮನುಷ್ಯ ಬೇಡವೆಂದರು.

"ಕಿವುಡ ಅಂತ ಊರೆಲ್ಲ ಅನ್ನಿಸ್ಕೊಳ್ಳೋಕ್ಕಿಂತ ಕೆಲಸ ಬಿಡೋದೇ ವಾಸಿ ಅಕ್ಕ."

ಚಿಕ್ಕಮ್ಮ ಅವರ ಕಿವಿಗೆ ಬಾಯಿಟ್ಟು ಕೂಗಿದಳು. "ಯಾರಿಗೂ ಗೊತ್ತಾಗಲ್ಲ ತಮ್ಮಾ. ಇದು ನನ್ನ ಮಾತು."

ಆ ಮಾತು ನಂಬಿ ಅವರು ಒಪ್ಪಿದರು. ನಿಧಿಯವರು ಕರೆದದ್ದು ವಾರ್ಷಿಕ ಸಭೆಯ ದಿನ, ಸಭಾಂಗಣದ ಪಕ್ಕದ ಕೋಣೆಗೆ. ಅಲ್ಲಿ ಕಿವಿಗೆ ಯಂತ್ರ ಕೂರಿಸಿದರು. ಆಮೇಲೆ ಹೆಗಲ ಮೇಲೆ ಕೈಹಾಕಿ, ಉಪಾಯವಾಗಿ, ನೇರ ವೇದಿಕೆಗೇ ಕರೆತಂದರು. ಚಿಕ್ಕಮ್ಮನೂ ನಾನೂ ಎರಡನೇ ಸಾಲಿನಲ್ಲಿ ಕೂತಿದ್ದೆವು.

"ಇವರಿಗೆ ಇಷ್ಟು ದಿನ ಏನೂ ಕೇಳಿಸ್ತಿರ್ಲಿಲ್ಲ" ಎಂದರು ಅಧ್ಯಕ್ಷರು. ಮೈಕನ್ನು ಆ ಮನುಷ್ಯನ ಮುಖದ ಹತ್ತಿರ ತಂದು, "ಈಗ ಕೇಳಿಸ್ತಿದ್ಯಾ?" ಎಂದರು. ಸಭೆ ನಕ್ಕಿತು. "ಜೋರಾಗಿ ಹೇಳಿ, ಎಲ್ಲರಿಗೂ ಕೇಳಿಸ್ಲಿ."

ಆ ಮನುಷ್ಯ ನಕ್ಕು ತಲೆಯಾಡಿಸಿದರು, ಥೇಟ್ ಚಿಕ್ಕಪ್ಪನ ಹಾಗೆ. ನನಗೆ ರಕ್ತ ಕುದಿಯಿತು. ಸರ್ಕಸ್ಸಿನ ಪ್ರಾಣಿಯನ್ನೂ ಕುಣಿಸುವ ಮೊದಲು ಮೈ ಸವರುತ್ತಾರೆ. ಇವರಿಗೆ ಅಷ್ಟೂ ಬೇಡವಾಯಿತು.

ಪಕ್ಕಕ್ಕೆ ತಿರುಗಿದರೆ ಚಿಕ್ಕಮ್ಮನ ಕುರ್ಚಿ ಖಾಲಿ. ಅವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಆ ವೇದಿಕೆಯ ಕೆಂಪು ಪರದೆ ಅವಳೇ ಹೊಲಿದದ್ದು, ಹಗ್ಗ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ಕೈಯಲ್ಲೂ ಹಿಡಿದು ಎಳೆದಳು. ನಾನು ಓಡಿ ಒಳಗೆ ನುಸುಳಿದೆ, ಹಿಂದೆಯೇ ಪರದೆ ಮುಚ್ಚಿತು.

"ಏನಮ್ಮ ಇದು?" ಅಧ್ಯಕ್ಷರ ಮುಖ ಕೆಂಪೇರಿತ್ತು. "ದಾನಿಗಳು ಕೂತಿದ್ದಾರೆ. ಕಣ್ಣಾರೆ ನೋಡಿದ್ರೆ ತಾನೇ ನಾಳೆ ಇನ್ನೊಬ್ರು ಕೊಡೋದು?"

"ಇದನ್ನ ಕೊಟ್ಟೋಳು ನಾನು. ನಾನು ನೋಡ್ಬೇಕು ಅಂದ್ನಾ?"

"ನಾಲ್ಕು ಜನಕ್ಕೆ ಒಳ್ಳೇದಾಗ್ಲಿ ಅಂತ..."

"ನಾಲ್ಕು ಜನಕ್ಕೆ ಒಳ್ಳೇದಾಗೋಕೆ ಒಬ್ಬನ ಮಾನ ಕಳೀಬೇಕಾ ಸ್ವಾಮಿ? ಹಾಗಾದ್ರೆ ನನ್ನ ಗಂಡನ ಹೆಸರು ಅಳಿಸಿಬಿಡಿ."

ಅಧ್ಯಕ್ಷರು ಮೈಕನ್ನು ಕೆಳಗಿಳಿಸಿದರು. ಹೊರಗೆ ಸಭೆ ರೇಗಿತ್ತು. ಯಾವಳವಳು, ತಲೆ ಕೆಟ್ಟಿದೆಯಾ, ಎಳೆದು ಹೊರಗೆ ಹಾಕಿ ಎಂಬ ಮಾತುಗಳು ಪರದೆ ದಾಟಿ ಬರುತ್ತಿದ್ದವು. ನಾನಂತೂ ಎಲ್ಲವನ್ನೂ ಕೇಳಿಸಿಕೊಂಡೆ. ಸಿಟ್ಟಿನ ಭರದಲ್ಲಿ ಚಿಕ್ಕಮ್ಮನ ಕಿವಿಗೆ ಅದು ಬೀಳಲೇ ಇಲ್ಲ. ಬೇಕರಿಯ ಆ ಮನುಷ್ಯನ ಬಳಿ ಹೋಗಿ, ಹಳೆ ಅಭ್ಯಾಸದಂತೆ ಕಿವಿಯಲ್ಲೇ ಕೂಗಿದಳು. "ನನ್ನ ಮಾತು ಉಳಿಸ್ಕೊಳ್ಳೋಕೆ ಆಗ್ಲಿಲ್ಲ ತಮ್ಮಾ."

ಅವರು ಬೆಚ್ಚಿ ಹಿಂದೆ ಸರಿದರು. "ಮೆತ್ತಗೆ ಅಕ್ಕ. ಕೇಳಿಸ್ತಿದೆ."

ಆಮೇಲೆ ಪರದೆಯತ್ತ ತಿರುಗಿ, ಕತ್ತು ವಾಲಿಸಿ ತುಂಬ ಹೊತ್ತು ಆಲಿಸಿದರು. ಅವರ ಮುಖ ಕಪ್ಪಿಟ್ಟಿತು.

"ಏನಂತಿದ್ದಾರೆ ಅಲ್ಲಿ?" ಎಂದಳು ಚಿಕ್ಕಮ್ಮ.

ಅವರು ಅವಳ ಮುಖವನ್ನೇ ನೋಡಿದರು. ಊರಿಗೆ ಹೆದರಿ ಜನ್ಮದಲ್ಲಿ ಯಾರೆದುರೂ ಬಾಯಿಬಿಡದಿದ್ದ ಮಾತನ್ನು ಆಗ ಹೇಳಿದರು.

"ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ ಅಕ್ಕ."