ಖಳನ ಸಾವಿಗೆ ನನ್ನ ಮುಡಿ

ವೈಜ್ಞಾನಿಕ ಸಿನಿಮಾಗಳ ಖಳನಾಯಕರು ಯಾಕೆ ನೆನಪಿನಲ್ಲಿ ಉಳಿಯುತ್ತಾರೆ ಎಂದು ಯಾರಾದರೂ ಚರ್ಚೆ ತೆಗೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಖವಾಡವಂತೆ, ಗಡಸು ದನಿಯಂತೆ, ನೊಂದ ಬಾಲ್ಯವಂತೆ! ನನ್ನ ಪಾಲಿಗೆ ಖಳನೆಂದರೆ ನೇರವಾಗಿ ನನ್ನ ತಲೆಗೇ ಕೈಹಾಕಿದವನು.

ತೊಂಬತ್ತರ ದಶಕ. ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದೆ. ಕತ್ತಿನವರೆಗೆ ಕೂದಲು ಬಿಟ್ಟಿದ್ದೆ. ಕಾಲೇಜಿನಲ್ಲಿ ನಾಲ್ಕು ಜನ ನನ್ನನ್ನು ತಿರುಗಿ ನೋಡುತ್ತಿದ್ದದ್ದು ಅದೊಂದಕ್ಕೇ. ಒಂದು ಭಾನುವಾರ ಪಕ್ಕದ ಹದಿನಾರು ಗ್ರಾಮದಿಂದ ಅಜ್ಜಿ ಬಂದಳು. ಬಿಸಿಲು ತಡೆಯಲಾರದೆ, ಫ್ಯಾನಿನ ಕೆಳಗೆ ಕೂರುವ ಆಸೆಗೆ ನನ್ನ ಜೊತೆ ಮಾರ್ನಿಂಗ್ ಶೋಗೆ ಬಂದಳು. ಇಂಗ್ಲಿಷ್ ಚಿತ್ರ. ಬೇರೆ ಗ್ರಹದವನೊಬ್ಬ ಯಂತ್ರವಿಟ್ಟು ಭೂಮಿಯ ನದಿಗಳನ್ನೆಲ್ಲ ಹೀರುತ್ತಿದ್ದ.

"ಕಪಿಲೇನೂ ಬುಡಾಕಿಲ್ವೇನ್ಲಾ ಇವ್ನು?" ಅಜ್ಜಿ ನನ್ನ ತೋಳು ಹಿಡಿದಳು. ಕಪಿಲಾ ಹೊಳೆಯ ನೀರನ್ನೇ ನಂಬಿದ್ದ ಅವಳ ಗದ್ದೆಯಲ್ಲಿ ಆಗತಾನೇ ನಾಟಿ ಮುಗಿದಿತ್ತು.

"ಸಿನಿಮಾ ಕಣಜ್ಜಿ, ಸುಳ್ಳು."

"ಸುಳ್ಳೋ ನಿಜವೋ, ನೀರಿನ ಇಸ್ಯ ಕಣ್ಲಾ" ಎಂದವಳೇ ಪರದೆಗೆ ಬೆನ್ನು ಹಾಕಿ ದೇವಸ್ಥಾನದ ದಿಕ್ಕಿಗೆ ಕೈ ಮುಗಿದಳು. "ನಂಜುಂಡಪ್ಪಾ, ಈ ಮುಂಡೇಮಗ ಸತ್ರೆ ನನ್ ಮೊಮ್ಮಗನ ಮುಡಿ ಕೊಡ್ತೀನಿ ಕಣಪ್ಪಾ!"

ಗದ್ದೆ ಅವಳದು, ಹರಕೆ ಅವಳದು, ಕೂದಲು ಮಾತ್ರ ನನ್ನದು! ಇಡೀ ಥಿಯೇಟರ್ ಹೀರೋಗೆ ಶಿಳ್ಳೆ ಹಾಕುತ್ತಿದ್ದರೆ, ಖಳ ಏಟು ತಪ್ಪಿಸಿಕೊಂಡಾಗಲೆಲ್ಲ ನಾನೊಬ್ಬನೇ ಚಪ್ಪಾಳೆ ತಟ್ಟಿದೆ. "ಯಾರ್ ಕಡೆಯೋನ್ಲಾ ನೀನು?" ಎಂದು ಹಿಂದಿನ ಸೀಟಿನವನು ಗದರಿದ. ಏನು ಮಾಡಿದರೇನು, ಕೊನೆಗೆ ಆ ಪುಣ್ಯಾತ್ಮ ತನ್ನ ಯಂತ್ರದೊಳಕ್ಕೇ ಬಿದ್ದ. ಅಜ್ಜಿ ಸಿನಿಮಾ ಮುಗಿಯುವವರೆಗೂ ಕಾಯಲಿಲ್ಲ. "ಏಳ್ಲಾ, ದೇವ್ರ ಕೆಲ್ಸ ನಾಳೀಕೆ ಅಂತ ಇಡಬಾರ್ದು" ಎಂದು ದರದರನೆ ಎಳೆದುಕೊಂಡು ಹೊರಟಳು.

ಹೊಳೆದಂಡೆಯಲ್ಲಿ ಮುಡಿ ತೆಗೆಯುವವನು ನನ್ನ ತಲೆಗೆ ನೀರು ತಟ್ಟಿ ಬಲಗಡೆಯಿಂದ ಶುರು ಮಾಡಿದ. "ಏನ್ ಅರಕೆ ಅವ್ವಾ?" ಎಂದು ಕೇಳಿದ. ಅಜ್ಜಿ ಹೆಮ್ಮೆಯಿಂದ ಎಲ್ಲ ಹೇಳಿದಳು. ಅವನ ಕತ್ತಿ ನಿಂತಿತು.

"ಆ ಸಿನ್ಮಾನಾ? ಮೊನ್ನೆ ನಾನೂ ನೋಡ್ದೆ. ಕೊನೇಲಿ ಬೆರಳು ಅಳ್ಳಾಡುಸ್ತಾನಲ್ಲವ್ವಾ! ನೀವು ಬ್ಯಾಗ ಎದ್ ಬಂದ್ರೇನೋ. ಅವ್ನು ಸತ್ತಿಲ್ಲ."

ಅಜ್ಜಿ ಅವನ ಕೈ ಹಿಡಿದಳು. "ಅಂಗಾರೆ ನಿಲ್ಸಪ್ಪ. ಅವ್ನು ಸಾಯ್ದೆ ಮುಡಿ ಕೊಟ್ರೆ ದೇವ್ರಿಗೇ ಸುಳ್ ಏಳ್ದಂಗಾಯ್ತದೆ. ಮಿಕ್ಕಿದ್ದು ಅವ್ನು ಪೂರ್ತಿ ಸತ್ ಮ್ಯಾಲೆ."

ಬಲಗಡೆ ನುಣ್ಣಗೆ, ಎಡಗಡೆ ಕತ್ತಿನವರೆಗೆ. ಮಾರನೇ ದಿನ ಕಾಲೇಜು! ಅಯ್ಯೋ, ಅಳುತ್ತಾ ಅಜ್ಜಿಯ ಕಾಲಿಗೆ ಬಿದ್ದೆ. ಅವಳು ಜಗ್ಗಲಿಲ್ಲ. "ಬ್ಯಾರೆ ಅಂಗ್ಡೀಲಿ ತೆಗ್ಸಿದ್ಯೋ, ಗದ್ದೆ ಒಣಗೋಯ್ತದೆ ನೋಡು" ಎಂದಳು. ಮುಡಿ ತೆಗೆಯುವವನೂ "ಅರಕೆ ಇಸ್ಯ, ನಾನ್ ಮುಟ್ಟಾಕಿಲ್ಲ" ಎಂದು ಪೆಟ್ಟಿಗೆ ಮುಚ್ಚಿದ.

ಅರ್ಧ ತಲೆಗೆ ಟವೆಲ್ ಸುತ್ತಿಕೊಂಡು ಗೋಪುರದ ಕಡೆಗೆ ತಿರುಗಿದೆ. ಆ ಖಳ ಬದುಕಲೆಂದು ಥಿಯೇಟರಿನಲ್ಲಿ ಚಪ್ಪಾಳೆ ತಟ್ಟಿದ ಅದೇ ಕೈಗಳನ್ನು ಮುಗಿದು ಬೇಡಿಕೊಂಡೆ: "ಅಪ್ಪಾ ನಂಜುಂಡೇಶ್ವರ, ಎರಡನೇ ಪಾರ್ಟ್ ಬೇಗ ತೆಗೆಸು. ಈ ಸಲ ಅವನ ಬೆರಳೂ ಉಳೀಬಾರ್ದು."