ಸಿಗಡಿಯ ಮೊಟ್ಟೆ ಎಣಿಸುವ ಬಂಗಾರಮ್ಮ

ಬೆಳಗಿನ ಐದೂಮುಕ್ಕಾಲು. ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಹೊನ್ನಾವರದ ಬಸ್ಸು ಬಂದು ನಿಲ್ಲುತ್ತದೆ. ಇಳಿಯುವವರ ನಡುವೆ ದಾರಿ ಮಾಡಿಕೊಂಡು ಬಂಗಾರಮ್ಮ ಹತ್ತುತ್ತಾರೆ. ಚಾಲಕನ ಹಿಂದಿನ ಸೀಟಿನಡಿಯಿಂದ ಹಗ್ಗ ಬಿಗಿದ ನೀಲಿ ಡಬ್ಬವನ್ನು ಮೆಲ್ಲಗೆ ಎಳೆಯುತ್ತಾರೆ.

"ಏನಕ್ಕಾ, ಈ ತಿಂಗಳೂ ಸಿಗಡಿನಾ? ನಮಗೂ ಒಂದು ಸಾರಿಗಾಗುವಷ್ಟು ಕೊಡಿ" ಎಂದು ಕಂಡಕ್ಟರ್ ಕೆಣಕುತ್ತಾನೆ.

"ಕೆಡದ ಹಾಗೆ ಫಾರ್ಮಲಿನ್‌ನಲ್ಲಿ ಇಟ್ಟಿದ್ದು ಮಾರಾಯ. ತಿಂದ್ರೆ ನಿನ್ನನ್ನೂ ಬಾಟ್ಲಿಗೆ ಹಾಕಿ ಲೇಬಲ್ ಅಂಟಿಸ್ಬೇಕಾಗ್ತದೆ."

ಡಬ್ಬವನ್ನು ಸೊಂಟಕ್ಕೇರಿಸಿಕೊಂಡು ಅವರು ಕಾಲೇಜಿನ ಕಡೆ ನಡೆಯುತ್ತಾರೆ. ಅಲ್ಲಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಅವರು ಗುತ್ತಿಗೆಯ ಅಟೆಂಡರ್. ಡಬ್ಬ ಕಳಿಸಿದವರು ಸಂಶೋಧನಾ ವಿದ್ಯಾರ್ಥಿನಿ ದೀಪಶ್ರೀ. ಪ್ರತಿ ಅಮಾವಾಸ್ಯೆಗೆ ಅವರು ಹೊನ್ನಾವರದಲ್ಲಿ ಹೊಳೆ ಕಡಲು ಸೇರುವ ಅಳಿವೆಗೆ ಹೋಗಿ, ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನಿಂದ ಸಿಗಡಿ ಹಿಡಿಯುತ್ತಾರೆ.

ಇದು ಊಟದ ಸಿಗಡಿಯಲ್ಲ. ಬೆರಳುದ್ದದ, ಬಿಳಿಚಿದ ಮೈಯ ಈ ಜೀವಿ ಕೆಸರಿನಲ್ಲಿ ಮೊಳಕೈಯಾಳದ ಬಿಲ ತೋಡಿಕೊಂಡು ಬದುಕುತ್ತದೆ. ಹೆಣ್ಣು ಮೊಟ್ಟೆಗಳನ್ನು ಎಲ್ಲೋ ಇಟ್ಟು ಹೋಗುವುದಿಲ್ಲ. ಹೊಟ್ಟೆಯಡಿಯ ಪುಟ್ಟ ಕಾಲುಗಳಿಗೆ ಅಂಟಿಸಿಕೊಂಡು, ಮರಿ ಹೊರಬರುವವರೆಗೂ ಹೊತ್ತಿರುತ್ತದೆ. ಉಸಿರುಕಟ್ಟದಂತೆ ಕಾಲಾಡಿಸಿ ನೀರು ಹಾಯಿಸುತ್ತದೆ. ಯಾವ ತಿಂಗಳಲ್ಲಿ ಎಷ್ಟು ಹೆಣ್ಣುಗಳು ಹೊತ್ತಿವೆ, ಒಂದೊಂದು ಎಷ್ಟು ಮೊಟ್ಟೆ ಹೊತ್ತಿದೆ ಎಂಬುದು ದೀಪಶ್ರೀಯ ಪ್ರಶ್ನೆ. ಎಣಿಸುವುದು ಬಂಗಾರಮ್ಮನ ಪಾಲು.

ಮೊಟ್ಟೆಯೆಂದರೆ ಗಸಗಸೆ ಕಾಳಿನಷ್ಟು. ಗಾಜಿನ ತಟ್ಟೆಯಲ್ಲಿ ಹರಡಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ, ಸೂಜಿಯ ತುದಿಯಿಂದ ಒಂದೊಂದನ್ನೇ ಆಚೆ ಸರಿಸುತ್ತಾರೆ. ನೂರಾದರೆ ಪಕ್ಕದಲ್ಲಿ ಒಂದು ಹುಣಿಸೆಬೀಜ. ಒಂದು ಹೆಣ್ಣಿಗೆ ಮೂರು ಬೀಜವೂ ಆಗಬಹುದು, ಒಂಬತ್ತೂ ಆಗಬಹುದು. ದಿನಕ್ಕೆ ಎಂಟು ಹೆಣ್ಣು ಮುಗಿಸಿದರೆ ಕತ್ತು ಬಿಗಿದು ಕಲ್ಲಾಗುತ್ತದೆ. "ಮಧ್ಯದಲ್ಲಿ ಯಾರಾದ್ರೂ ಮಾತಾಡ್ಸಿದ್ರೆ ಮೊದಲಿಂದ ಶುರು. ಅದಕ್ಕೇ ಬಾಗಿಲು ಹಾಕ್ಕೊಂಡಿರ್ತೀನಿ. ಜಂಬ ಬಂತು ಅಂತಾರೆ, ಅನ್ಲಿ."

ಬಂಗಾರಮ್ಮನಿಗೆ ನಲವತ್ತಾರು. ಓದಿದ್ದು ಹತ್ತನೆಯವರೆಗೆ. ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ. ಗಂಡ ಕಲ್ಲಪ್ಪನಿಗೆ ಬೆನ್ನುನೋವು ಹತ್ತಿದ ಮೇಲೆ ಭಾರ ಎತ್ತುವ ಕೆಲಸ ನಿಂತಿತು. ಇವರು ಕಾಲೇಜಿಗೆ ಕಸ ಗುಡಿಸಲು ಸೇರಿದರು. ಮುರಿದ ಗಾಜಿನ ಚೂರನ್ನು ಬೆರಳಿಗೆ ತಾಗಿಸದೆ ಹೆಕ್ಕುವ ಇವರ ಕೈ ನೋಡಿಯೇ ದೀಪಶ್ರೀ ಸೂಜಿ ಕೊಟ್ಟದ್ದು.

ಆ ಕೈ ಒಮ್ಮೆ ತಪ್ಪಿತು. ಶುರುವಿನ ನಾಲ್ಕು ತಿಂಗಳು ಹೆಣ್ಣು ಸಿಗಡಿಗಳೆಲ್ಲ ಒಂದೇ ಬಾಟಲಿಯಲ್ಲಿ ಬರುತ್ತಿದ್ದವು. ವಾಸನೆ ತಡೆಯಲಾಗದೆ ಬಂಗಾರಮ್ಮ ಮೊದಲು ಫಾರ್ಮಲಿನ್ ನೀರನ್ನು ಸಿಂಕಿಗೆ ಬಸಿದು, ಆಮೇಲೆ ಎಣಿಕೆಗೆ ಕೂರುತ್ತಿದ್ದರು. ಮರಿಯಾಗಲು ಹತ್ತಿರವಾದ ಮೊಟ್ಟೆಗಳಿದ್ದ ಹೆಣ್ಣುಗಳಲ್ಲಿ ಎಣಿಕೆ ಅರ್ಧಕ್ಕಿಳಿಯುತ್ತಿತ್ತು. ಹೊರುತ್ತ ಹೊರುತ್ತ ತಾಯಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ ಎಂದು ದೀಪಶ್ರೀ ತಮ್ಮ ಪ್ರಬಂಧದಲ್ಲಿ ಬರೆದೂ ಆಗಿತ್ತು. ಐದನೆಯ ತಿಂಗಳು ಸಿಂಕು ಕಟ್ಟಿಕೊಂಡಿತು. ಜಾಲರಿ ಎತ್ತಿ ನೋಡಿದರೆ ಹಳದಿ ಹರಳು. ಮೈಕ್ರೋಸ್ಕೋಪಿನಡಿ ಇಟ್ಟಾಗ ಪ್ರತಿ ಹರಳಿನಲ್ಲೂ ಎರಡು ಕಪ್ಪು ಚುಕ್ಕೆ: ಮರಿಯ ಕಣ್ಣು. ಬಲಿತ ಮೊಟ್ಟೆಯ ಹಿಡಿತ ಸಡಿಲವಂತೆ. ಬಾಟಲಿಯಲ್ಲೇ ಉದುರಿದ ಮೊಟ್ಟೆಗಳು ನೀರಿನೊಂದಿಗೆ ಚರಂಡಿ ಸೇರಿದ್ದವು.

ಗುತ್ತಿಗೆಯನ್ನು ಇನ್ನೂ ಮೂರು ವರ್ಷ ಮುಂದುವರಿಸುವ ಕಾಗದಕ್ಕೆ ಸಹಿ ಬೀಳಬೇಕಿದ್ದುದು ಅದೇ ವಾರ. ಹಿರಿಯ ಅಟೆಂಡರ್ ಹುಲಿಯಪ್ಪ ಬುದ್ಧಿ ಹೇಳಿದರು: "ಸಿಂಕಿಗೆ ಹೋದದ್ದು ಯಾರಿಗೆ ಗೊತ್ತು? ಸುಮ್ನಿರು ಮಾರಾಯ್ತಿ, ಸಿಗಡಿ ಬಂದು ಸಾಕ್ಷಿ ಹೇಳಲ್ಲ."

"ಹುಲಿಯಣ್ಣ, ಅವಳು ಹೊತ್ತಿದ್ದನ್ನ ನಾನು ಚೆಲ್ಲಿ, ಅವಳೇ ಕಳ್ಕೊಂಡ್ಲು ಅಂತ ಬರೆಸೋದಾ?"

ಮಧ್ಯಾಹ್ನ ದೀಪಶ್ರೀಯ ಮುಂದೆ ಜಾಲರಿಯನ್ನೇ ತಂದಿಟ್ಟರು. ನಾಲ್ಕು ತಿಂಗಳ ಲೆಕ್ಕ ಹೊಡೆದುಹಾಕಬೇಕಾಯಿತು. ಮರುವರ್ಷ ಅದೇ ತಿಂಗಳುಗಳಲ್ಲಿ ಮತ್ತೆ ಕೆಸರಿಗಿಳಿಯಬೇಕಾಯಿತು. ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಬಂಗಾರಮ್ಮನಿಗೆ ಮರು ಎಣಿಕೆ ಮುಗಿಯುವವರೆಗೆ ಮಾತ್ರ ಗುತ್ತಿಗೆ ಸಿಕ್ಕಿತು. ಇಂದು ಬಂದಿರುವುದು ಅದರ ಕೊನೆಯ ಡಬ್ಬ.

ಈಗ ಒಂದು ಹೆಣ್ಣಿಗೆ ಒಂದು ಬಾಟಲಿ. ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಉದುರಿದ್ದನ್ನೂ ಸೇರಿಸಿ ಎಣಿಸುತ್ತಾರೆ. ಮರಿಯಾಗುವ ಹೊತ್ತಿಗೂ ತಾಯಿಯ ಬಳಿ ಹತ್ತರಲ್ಲಿ ಒಂಬತ್ತು ಪಾಲು ಮೊಟ್ಟೆ ಉಳಿದಿರುತ್ತವೆ ಎಂದು ಮೂರು ತಿಂಗಳ ಮರು ಎಣಿಕೆ ಹೇಳಿದೆ. ಮುಂದಿನ ತಿಂಗಳಿಂದ ಏನು ಮಾಡುತ್ತೀರಿ ಎಂದರೆ, "ಪೊರಕೆ ಎಲ್ಲಿಗೂ ಹೋಗಿಲ್ಲ" ಎಂದು ನಗುತ್ತಾರೆ.

ಪ್ರಬಂಧದ ಕೃತಜ್ಞತೆಯ ಪುಟಕ್ಕೆಂದು ದೀಪಶ್ರೀ ಮೊನ್ನೆ ಅವರ ಪೂರ್ತಿ ಹೆಸರು ಕೇಳಿದರಂತೆ.

"ಹೆಸರು ಆಮೇಲೆ ಹಾಕಿ ಮೇಡಂ ಅಂದೆ. ಮೊದ್ಲು, ಆ ನಾಲ್ಕು ತಿಂಗಳು ಚೆಲ್ಲಿದ್ದು ಬಂಗಾರಮ್ಮ, ಸಿಗಡಿ ಅಲ್ಲ ಅಂತ ಬರೀರಿ."